ಟಿಕೆಟಿನ ಹಿಂಬದಿ

ನಮ್ಮ ಕಾಕಾ ಯಾವ ಊರಿಗೆ ಹೋದರೂ ಮೊದಲು ಅಲ್ಲಿನ ಬಸ್‌ಸ್ಟ್ಯಾಂಡ್ ನೋಡಬೇಕು. ಗುಡಿ, ಬಜಾರ ಎಲ್ಲ ಆಮೇಲೆ. 31 ವರ್ಷ ಕಂಡಕ್ಟರ್ ಆಗಿದ್ದ ಮನುಷ್ಯ. ಚಿಂಚೋಳಿ ಕಡೆಯ ವಸ್ತಿ ಬಸ್ಸು, ಹುಮನಾಬಾದ್ ಮೇಲೆ ಹೋಗುವ ಬೀದರ್ ಬಸ್ಸು, ಹೀಗೆ ನಮ್ಮ ಕಡೆಯ ರಸ್ತೆಯ ತಗ್ಗುಗಳೆಲ್ಲ ಅವನ ಬೆನ್ನಿಗೆ ಬಾಯಿಪಾಠ. 2014ರ ಮೇ ತಿಂಗಳಲ್ಲಿ ನಿವೃತ್ತಿಯಾದ. ಅದೇ ವರ್ಷ ನವೆಂಬರ್ 1ಕ್ಕೆ ಗುಲಬರ್ಗಾ ಹೋಗಿ ಕಲಬುರಗಿ ಆಯಿತು. "ನಾ ಇರೋತನಕ ಬೋರ್ಡ್ ಬದಲಾಗ್ಲಿಲ್ಲ ನೋಡು" ಅಂತ ಈಗಲೂ ಹೇಳುತ್ತಾನೆ. ಅದು ಹೆಮ್ಮೆಯೋ ಬೇಜಾರೋ ನನಗೆ ತಿಳಿದಿಲ್ಲ.

2019ರ ಡಿಸೆಂಬರಿನಲ್ಲಿ ತಮ್ಮನ ಮಗಳ ತೊಟ್ಟಿಲ ಕಾರ್ಯಕ್ಕೆ ಎಲ್ಲರೂ ಕಲಬುರಗಿಯಿಂದ ಮುಂಬೈಗೆ ಹೋಗಿದ್ದೆವು. ಕಾರ್ಯ ಮುಗಿದ ಮರುದಿನ ಮನೆಯವರೆಲ್ಲ ಸಮುದ್ರ ನೋಡಲು ಹೊರಟರು. ಕಾಕಾ ಬರಲಿಲ್ಲ. ಮುಂಬೈಯ ಸಿಟಿ ಬಸ್ಸು ಓಡಿಸುವ ಬೆಸ್ಟ್ ಸಂಸ್ಥೆಯ ಮ್ಯೂಸಿಯಂ ಒಂದು ಇದೆ, ಅನಿಕ್ ಡಿಪೊದಲ್ಲಿ ಅಂತ ಯಾರೋ ಅವನ ಕಿವಿಗೆ ಹಾಕಿದ್ದರು. ತಮ್ಮ ಹತ್ತು ವರ್ಷದಿಂದ ಚೆಂಬೂರಿನಲ್ಲಿದ್ದಾನೆ, ಅವನಿಗೇ ಇದು ಗೊತ್ತಿರಲಿಲ್ಲ! "ನೀ ಹಿಸ್ಟರಿ ಮೇಡಂ ಅಲ್ಲೇನ, ಬಾ ನನ್ನ ಕೂಡ" ಎಂದು ಕಾಕಾ ನನ್ನನ್ನು ಎಳೆದುಕೊಂಡು ಹೋದ. ಸಮುದ್ರ ಹೋಯಿತಲ್ಲ ಅಂತ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು.

ಗೇಟಿನಲ್ಲಿ ಕಾವಲಿನವರು ಏನು ಕೆಲಸ ಎಂದು ಕೇಳಿದರು. ಕಾಕಾ ಕಿಸೆಯಿಂದ ಹಳೆಯ ಗುರುತಿನ ಚೀಟಿ ತೆಗೆದು, ತನ್ನ ಗುಲಬರ್ಗಾ ಉರ್ದುವಿನಲ್ಲಿ, "ಹಮ್ ಭೀ ಸ್ಟಾಫ್" ಅಂದ. ಬಸ್ಸಿನ ಲೋಕದಲ್ಲಿ ಅದೊಂದು ಮಾತು ಸಾಕು. ಆ ಮನುಷ್ಯ ನಕ್ಕು ಒಳಗೆ ಬಿಟ್ಟರು. ಒಳಗೆ ಹೋಗಲು ದುಡ್ಡೂ ಇಲ್ಲ. ಟಿಕೆಟ್ಟುಗಳ ಮ್ಯೂಸಿಯಮ್ಮಿಗೆ ಟಿಕೆಟ್ ಇಲ್ಲ ಅನ್ನುವುದು ಕಾಕಾಗೆ ಸರಿ ಕಾಣಲಿಲ್ಲ.

ಮುಂಬೈಯ ಕಥೆ ಕುದುರೆಯಿಂದ ಶುರುವಾಗುತ್ತದೆ. 1874ರ ಮೇ 9ರಂದು ಅಲ್ಲಿ ಕುದುರೆ ಎಳೆಯುವ ಟ್ರಾಮ್ ಓಡಿತು. ಕೊಲಾಬಾದಿಂದ ಪೈಧೋನಿಗೆ ಒಂದು ಸಾಲು, ಬೋರಿ ಬಂದರಿನಿಂದ ಪೈಧೋನಿಗೆ ಇನ್ನೊಂದು. ಕಂಪನಿಯ ಹತ್ತಿರ 900 ಕುದುರೆಗಳಿದ್ದವು. ಕೊಲಾಬಾದಿಂದ ಪೈಧೋನಿಗೆ ಮೂರಾಣೆ. ಆದರೆ ಮೊದಮೊದಲು ಟಿಕೆಟ್ಟೇ ಕೊಡುತ್ತಿರಲಿಲ್ಲ. ಇದನ್ನು ಹೇಳಿದ್ದೇ ತಪ್ಪಾಯಿತು. ಕಾಕಾ ಅಲ್ಲೇ ನಿಂತ.

"ಟಿಕೆಟ್ ಇಲ್ಲಂದ್ರ ಲೆಕ್ಕ ಹೆಂಗ ಕೊಟ್ಟಾರ?"

"ನನಗೇನು ಗೊತ್ತು ಕಾಕಾ?"

"ಚೆಕಿಂಗ್‌ನವ್ರು ಬಂದ್ರ ಏನ್ ತೋರಸ್ಬೇಕು? ಕುದುರಿ ತೋರಸ್ಬೇಕೇನು?"

ಮುಂದೆ 1907ರ ಮೇ 7ರ ಕರೆಂಟಿನ ಟ್ರಾಮ್. ಆಮೇಲೆ 1926ರ ಜುಲೈ 15, ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಮೊದಲ ಮೋಟಾರು ಬಸ್ಸು. ಇವನ್ನೆಲ್ಲ ಕಾಕಾ ಸುಮ್ನೆ ನೋಡುತ್ತ ಹೋದ, ಸಂತೆಯಲ್ಲಿ ಬೇರೆಯವರ ಎತ್ತು ನೋಡುವ ಹಾಗೆ. 1964ರ ಮಾರ್ಚ್ 31ಕ್ಕೆ ಟ್ರಾಮ್ ಓಡಾಟ ನಿಂತೇ ಹೋಯಿತು ಎಂದಾಗ ಮಾತ್ರ ಮತ್ತೆ ನಿಂತ. "ಕಡೀ ಟ್ರಿಪ್ಪಿನ ಕಂಡಕ್ಟರ್ ಮರುದಿನ ಏನ್ ಮಾಡಿರ್ಬೇಕು?" ಇದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಸ್ಟರಿ ಮೇಡಂ ಎರಡು ಪ್ರಶ್ನೆಗೆ ಎರಡು ಸೊನ್ನೆ.

ಹಳೆಯ ಟಿಕೆಟ್ಟು, ಪಂಚ್, ಟಿಕೆಟ್ ಕೊಡುವ ಮಷೀನು ಇಟ್ಟ ಜಾಗಕ್ಕೆ ಬಂದೆವು. ಇಲ್ಲಿ ಕಾಕಾನ ಬಲಗೈ ತಾನಾಗೇ ಏಳುವುದನ್ನು ನಾನು ನೋಡಿದೆ. ಹೆಬ್ಬೆರಳು, ತೋರುಬೆರಳು ಗಾಳಿಯಲ್ಲೇ ಪಂಚ್ ಹಿಡಿದವು. ಮುಂಬೈ ಕಂಡಕ್ಟರು ಪಂಚನ್ನು ಟಿಕ್ ಟಿಕ್ ಎಂದು ಆಡಿಸುತ್ತ ಬರುತ್ತಿದ್ದ, ಆ ಸಪ್ಪಳಕ್ಕೆ ಜನ ಚಿಲ್ಲರೆ ತೆಗೆಯುತ್ತಿದ್ದರು. ನಮ್ಮ ಕಡೆ ಬಾಯಿಯೇ ಬೇಕು. ಯಾರ್ರೀ ಟಿಕೆಟ್, ಯಾರ್ರೀ ಮುಂದ, ಮಹಾಗಾಂವ, ಕಮಲಾಪುರ ಅಂತ ಒದರಿ ಒದರಿ ಕಾಕಾನ ದನಿ ಇವತ್ತಿಗೂ ಮನೆಯೊಳಗೆ ಒಂದು ಮೆಟ್ಟಿಲು ಮೇಲೇ ಇರುತ್ತದೆ.

ಟಿಕೆಟ್ಟುಗಳನ್ನು ಗಾಜಿನೊಳಗೆ ಅಚ್ಚುಕಟ್ಟಾಗಿ ಇಟ್ಟಿದ್ದರು. ಕಾಕಾ ಬಗ್ಗಿ, ಕನ್ನಡಕ ಏರಿಸಿ, ಇಳಿಸಿ ನೋಡಿದ.

"ಎಲ್ಲಾ ಮಾರಿ ಮ್ಯಾಲ್ ಮಾಡಿ ಇಟ್ಟಾರ. ಹಿಂದ ತಿರುವಿ ಒಂದರೆ ಇಡಬೇಕಿತ್ತು."

"ಹಿಂದೇನಿರ್ತದ ಕಾಕಾ? ಬರೀ ಕಾಗದ."

"ಏ ಯವ್ವಾ, ಇರೋದೆಲ್ಲ ಹಿಂದೇ ಇರ್ತದ!"

ಆಗ ನನಗೆ ಹೊಳೆಯಿತು. ಟಿಕೆಟಿನ ಮುಂದೆ ಇರುವುದು ಸಂಸ್ಥೆಯ ಮಾತು. ದರ, ನಂಬರು, ಸ್ಟೇಜು. ಹಿಂದೆ ಇರುವುದು ಕಂಡಕ್ಟರನ ಮಾತು. ಚಿಲ್ಲರೆ ಇಲ್ಲ, ಇಳಿಯುವಾಗ ಇಸ್ಕೊಳ್ರಿ ಎಂದು ಬರೆದುಕೊಟ್ಟ ಮೂರು ರೂಪಾಯಿ. ಇಳಿಯುವ ಗಡಿಬಿಡಿಯಲ್ಲಿ ಮರೆತು, ಮನೆಗೆ ಬಂದ ಮೇಲೆ ಪರ್ಸಿನಲ್ಲಿ ಸಿಕ್ಕಾಗ ಹೊಟ್ಟೆ ಉರಿಯುತ್ತಲ್ಲ, ಆ ಮೂರು ರೂಪಾಯಿ.

ಕಾಕಾನ ಮಟ್ಟಿಗೆ ಹಿಂಬದಿಗೆ ಇನ್ನೂ ಒಂದು ಕೆಲಸವಿತ್ತು. ಅದು ನನ್ನದೇ ಕಥೆ. ನಾನು ಗುಲಬರ್ಗಾದಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುವಾಗ ಊರಿಂದ ಬುತ್ತಿ ಬರುತ್ತಿತ್ತು. ವಸ್ತಿ ಬಸ್ಸು ರಾತ್ರಿ ಊರಲ್ಲಿ ನಿಂತು ಬೆಳಗ್ಗೆ ಹೊರಡುತ್ತದೆ. ಅದು ಹೊರಡುವಷ್ಟರಲ್ಲಿ ಅವ್ವಂದಿರು ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು, ಪುಂಡಿಪಲ್ಯ, ಶೇಂಗಾ ಹಿಂಡಿ ಇಟ್ಟು, ಅರಿವೆಯಲ್ಲಿ ಗಂಟು ಕಟ್ಟಿ ತರುತ್ತಿದ್ದರು. ಒಂದಲ್ಲ, ಎರಡಲ್ಲ, ಹನ್ನೆರಡು, ಹದಿನೈದು ಗಂಟು. ಎಲ್ಲವೂ ಡ್ರೈವರನ ಪಕ್ಕದ ಬಾನೆಟ್ಟಿನ ಮೇಲೆ. ಇಂಜಿನ್ನಿನ ಕಾವಿಗೆ ರೊಟ್ಟಿ ಗುಲಬರ್ಗಾ ಮುಟ್ಟುವತನಕ ಬೆಚ್ಚಗೇ ಇರುತ್ತಿದ್ದವು, ಸ್ವಲ್ಪ ಡೀಸೆಲ್ ವಾಸನೆ ಹಿಡಿದು. ಅರಿವೆ ಎಲ್ಲ ಒಂದೇ ನಮೂನೆ, ಯಾರದ್ದು ಯಾವುದು? ಕಾಕಾ ಬಸ್ಸಿನೊಳಗೆ ಬಿದ್ದ ಹಳೆ ಟಿಕೆಟ್ ಆರಿಸಿ, ಹಿಂದೆ ಹೆಸರು ಬರೆದು, ಗಂಟಿನ ಸಂದಿಯಲ್ಲಿ ಸಿಗಿಸುತ್ತಿದ್ದ. ಕೆಲವು ಸಲ ಹೆಸರಿನ ಕೆಳಗೆ ಸುದ್ದಿಯೂ ಇರುತ್ತಿತ್ತು. 'ಎಮ್ಮಿ ಈದದ.' 'ಶನಿವಾರ ಊರಿಗಿ ಬಾ.' ಮುಂಬೈಯ ಡಬ್ಬಾದವರನ್ನು ಲೋಕವೇ ಹೊಗಳುತ್ತದೆ, ಹೊಗಳಲಿ. ನಮ್ಮ ಬುತ್ತಿಗೆ ಯಾರೂ ಬಾಡಿಗೆ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ.

ಮ್ಯೂಸಿಯಂ ಮುಗಿಸಿ ಡಬಲ್ ಡೆಕ್ಕರ್ ಹತ್ತಿದೆವು. ಆಗಿನ್ನೂ ಹಳೆಯ ಕೆಂಪು ಬಸ್ಸುಗಳು ಓಡುತ್ತಿದ್ದವು. 2023ರ ಸೆಪ್ಟೆಂಬರ್ 15ಕ್ಕೆ ಕೊನೆಯದೂ ರಸ್ತೆ ಬಿಟ್ಟಿತು. ಮೇಲಿನ ಮಹಡಿಯ ಮುಂದಿನ ಸೀಟಿನಲ್ಲಿ ಕೂತು ಕಾಕಾ ಕೇಳಿದ, "ನಮ್ಮ ಬಸ್ಸಿನ ಹಿಸ್ಟರಿ ಎಲ್ಲಿಂದ ಶುರು?"

ಇದು ನನಗೆ ಗೊತ್ತಿತ್ತು. ಕೆಎಸ್ಸಾರ್ಟಿಸಿಯ ಕಥೆ ಹೇಳುವವರು 1948ರ ಸೆಪ್ಟೆಂಬರ್ 12ರಿಂದ ಶುರು ಮಾಡುತ್ತಾರೆ. ಅಂದು ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಹೊರಟಿತು. ಆದರೆ ನಾವು ಅಲ್ಲಿದ್ದೆವೇ? ನಾವು ನಿಜಾಮರ ಸೀಮೆ. ಅಲ್ಲಿ ಬಸ್ಸು ಹೊರಟ ಮರುದಿನ, ಸೆಪ್ಟೆಂಬರ್ 13ಕ್ಕೆ, ಇಲ್ಲಿ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಬಂತು. 17ಕ್ಕೆ ನಿಜಾಮರು ಶರಣಾದರು. ಆ ವಾರ ನಮ್ಮ ಕಡೆ ಬಸ್ಸಿನ ಪೂಜೆ ಮಾಡುವ ಹೊತ್ತಾಗಿರಲಿಲ್ಲ ಬಿಡಿ.

ನಮ್ಮ ಸೀಮೆಯ ಸರ್ಕಾರಿ ಬಸ್ಸು ಅದಕ್ಕಿಂತ 16 ವರ್ಷ ಹಿಂದಿನದು. 1932ರ ಜೂನಿನಲ್ಲಿ ನಿಜಾಮರ ರೈಲ್ವೆ ಇಲಾಖೆಯೇ ರಸ್ತೆ ಸಾರಿಗೆ ವಿಭಾಗ ತೆರೆಯಿತು. 27 ಬಸ್ಸು, 166 ಜನ ನೌಕರರು. ರೈಲು ಓಡಿಸುವವರೇ ಬಸ್ಸನ್ನೂ ಓಡಿಸಿದರು. 1956ರ ನವೆಂಬರ್ 1ಕ್ಕೆ ಗುಲಬರ್ಗಾ, ಬೀದರ್, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮ ಲೆಕ್ಕ ಬೆಂಗಳೂರಿನ ಪುಸ್ತಕಕ್ಕೆ ಹೋಯಿತು. 2000ದ ಆಗಸ್ಟ್ 15ಕ್ಕೆ ಈಶಾನ್ಯ ಸಾರಿಗೆ ಅಂತ ಬೇರೆಯಾಗಿ ಕಲಬುರಗಿಗೇ ಮುಖ್ಯ ಕಚೇರಿ ಬಂತು. 2021ರಲ್ಲಿ ಅದೂ ಕಲ್ಯಾಣ ಕರ್ನಾಟಕ ಸಾರಿಗೆ ಆಯಿತು. ಈ ಕೊನೆಯದು ಆಮೇಲಿನ ಮಾತು, ಆ ದಿನ ಹೇಳಿದ್ದಲ್ಲ.

ಕಾಕಾ ಪೂರ್ತಿ ಕೇಳಿದ. ಮುಖ್ಯವಾದದ್ದು ಏನೋ ಕೇಳುತ್ತಾನೆ ಅಂದುಕೊಂಡೆ.

"27 ಬಸ್ಸಿಗೆ 166 ಮಂದಿ ಜಾಸ್ತಿ ಆಯ್ತಲ್ಲ. ನಮ್ಮ ಟೈಮ್‌ದಾಗ ರಜಾ ಕೇಳಿದ್ರ ಮಂದಿ ಇಲ್ಲ ಅಂತಿದ್ರು."

ಮ್ಯೂಸಿಯಮ್ಮಿನ ಗುಂಗು ಕಾಕಾಗೆ ಊರಿಗೆ ಬಂದ ಮೇಲೂ ಬಿಡಲಿಲ್ಲ. ಮಾಳಿಗೆ ಮೇಲಿನ ಟ್ರಂಕು ಇಳಿಸಿದ. ಒಳಗೆ ಚರ್ಮದ ಚೀಲ, ಸೀಟಿ, ಒಂದು ಪಂಚ್, ಬಿಸ್ಕೀಟಿನ ಡಬ್ಬಿ ತುಂಬ ಟಿಕೆಟ್ಟು. ಎಲ್ಲವೂ ಮಂದಿ ಒಗೆದು ಹೋದವು, ಲೆಕ್ಕಕ್ಕೆ ಕಡಿಮೆ ಬಿದ್ದವಲ್ಲ ಅಂತ ಅವನೇ ಮೊದಲು ಹೇಳಿದ. 80ರ ದಶಕದ ಕಾಗದ ತಿಳಿಹಳದಿ ಆಗಿದೆ, ಅಚ್ಚು ಮಾತ್ರ ನಿಚ್ಚಳ. ಕೆಲವದರ ಹಿಂದೆ ಹುಡುಗಿಯರ ಹೆಸರು. ನನ್ನದೂ ಒಂದಿತ್ತು. ಅದನ್ನು ನಾನು ಕೇಳಿದೆ, ಕಾಕಾ ಕೊಡಲಿಲ್ಲ.

ಮೊನ್ನೆ ದೀಪಾವಳಿಗೆ ಹೋದಾಗ ಆ ಡಬ್ಬಿ ಮತ್ತೆ ಹೊರಗೆ ಬಂತು. ಈ ಸಲ ತೆಗೆಸಿದ್ದು ಕಾಕಿ. ಅವಳದೂ ಒಂದು ಟಿಕೆಟ್ ಅದರೊಳಗೆ ಸೇರಿದೆಯಂತೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತಲ್ಲ, ಹೆಣ್ಮಕ್ಕಳಿಗೆ ಸೊನ್ನೆ ಟಿಕೆಟ್. ಮುಂದಿನ ವಾರ ಮಣ್ಣೆತ್ತಿನ ಅಮಾವಾಸ್ಯೆಗೆ ಕಾಕಿ ಗಾಣಗಾಪುರಕ್ಕೆ ಹೋಗಿ ಬಂದಿದ್ದಳು. ಕಂಡಕ್ಟರನ ಹೆಂಡತಿಯಾಗಿ ಅಷ್ಟು ವರ್ಷ ಬಾಳಿ, ತನ್ನ ಹೆಸರಿನಲ್ಲೇ ಪುಕ್ಕಟೆ ಹೋದದ್ದು ಅದೇ ಮೊದಲು ಎಂದು ನಕ್ಕಳು. ಕಾಕಾ ಎಂದೂ ಮನೆಯವರಿಗೆ ಟಿಕೆಟ್ ಬಿಟ್ಟವನಲ್ಲ.

ಡಬ್ಬಿಯ ತಳದಿಂದ ಆ ಚೀಟಿ ತೆಗೆದು ನನ್ನ ಕೈಗಿಟ್ಟಳು. ಖಾಲಿ. ಮಷೀನಿನ ಅಚ್ಚು ಶಾಖದ್ದು, ಮಸಿಯದಲ್ಲ. ಕೆಲವೇ ತಿಂಗಳಿಗೆ ಹಾರಿಹೋಗುತ್ತದೆ. ಊರಿಲ್ಲ, ದರವಿಲ್ಲ, ಆ ಸೊನ್ನೆಯೂ ಇಲ್ಲ. ಬಿಳಿ ಕಾಗದದ ತುಂಡು. ಕಾಕಿಯ ಮುಖ ಸಣ್ಣಗಾಯಿತು.

"ತಿರುವಿ ನೋಡು" ಅಂದ ಕಾಕಾ, ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ.

ಹಿಂದೆ ನೀಲಿ ಬಾಲ್‌ಪೆನ್ನಿನಲ್ಲಿ, ಟಿಕೆಟ್ ಲೆಕ್ಕದ ವೇಬಿಲ್ ತುಂಬುವಾಗಿನ ಅದೇ ನೆಟ್ಟಗಿನ ಅಕ್ಷರ: 18-6-23. ಕಲಬುರಗಿ - ಗಾಣಗಾಪುರ. ದೊಡ್ಡವರು 1. ಚಿಲ್ಲರೆ ಬಾಕಿ ಇಲ್ಲ.