ಹಳೇ ಎಣ್ಣೆ ಮೊದಲು ತೆಗಿ

ರೆಕಾರ್ಡ್ ಪ್ಲೇಯರ್ ರಿಪೇರಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಹಿರಿಯರೊಬ್ಬರು ಸೂಟ್‌ಕೇಸ್‌ನಂಥ ಹಳೇ ಪ್ಲೇಯರ್ ತಂದರು. "ಹಾಡು ಎಳೀತಾ ಇದೆ ಕಣಪ್ಪ, ಕಾಳಿಂಗರಾಯರ ದನಿ ಅವರದ್ದು ಅನ್ನಿಸೋದೇ ಇಲ್ಲ" ಅಂದರು. ಮೋಟಾರಿನ ಶಾಫ್ಟನ್ನು ಬೆರಳಲ್ಲಿ ತಿರುಗಿಸಿದೆ, ಬಿಗಿಯಾಗಿತ್ತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ. ತಕ್ಷಣ ಸಲೀಸಾಗಿ ತಿರುಗಿತು. ಖುಷಿಯಿಂದ ಕೊಟ್ಟು ಕಳಿಸಿದೆ.

ಮೂರು ವಾರಕ್ಕೆ ಅದೇ ಪ್ಲೇಯರ್ ವಾಪಸ್ ಬಂತು. ಈ ಸಲ ಕಿರ್ರ್ ಅನ್ನುವ ಸದ್ದೂ ಸೇರಿತ್ತು.

ನಮ್ಮ ಮೇಸ್ತ್ರಿ ಬೈಯಲಿಲ್ಲ. ಮೋಟಾರ್ ಬಿಚ್ಚಿ ಶಾಫ್ಟನ್ನು ನನ್ನ ಕೈಗೆ ಕೊಟ್ಟರು. ಬುಷ್, ಅಂದರೆ ಶಾಫ್ಟನ್ನು ಹಿಡಿದು ತಿರುಗಲು ಬಿಡುವ ಬಳೆಯಂಥ ಬೇರಿಂಗ್, ಕೂರುವ ಜಾಗದಲ್ಲಿ ಕಂದು ಬಣ್ಣದ ಪದರ, ಬೆಲ್ಲದ ಪಾಕ ಒಣಗಿ ಅಂಟಿದ ಹಾಗೆ. "ಎಣ್ಣೆ ಬಿಡೋದು ಆಮೇಲೆ. ಹಳೇ ಎಣ್ಣೆ ಮೊದಲು ತೆಗಿ" ಅಂದರು.

ಈ ಮೋಟಾರುಗಳ ಬುಷ್ ಗಟ್ಟಿ ಲೋಹವಲ್ಲ. ಕಂಚಿನ ಪುಡಿಯನ್ನು ಒತ್ತಿ, ಕಾಯಿಸಿ ಮಾಡಿದ್ದು. ಅದರೊಳಗೆ ಸುಮಾರು 20%ರಷ್ಟು ಬರೀ ಸಣ್ಣ ಸಣ್ಣ ತೂತುಗಳು. ಎಣ್ಣೆ ಅಲ್ಲೇ ಕೂತು, ಶಾಫ್ಟ್ ತಿರುಗಿದಾಗ ಹೊರಗೆ ಜಿನುಗುತ್ತದೆ. ನನ್ನ ಸ್ಪ್ರೇ ಅಳಿದುಳಿದ ಎಣ್ಣೆಯನ್ನೂ ತೊಳೆದುಹಾಕಿ, ತಾನೂ ಆರಿಹೋಗಿತ್ತು. ಇಂಥ ಇಂಡಕ್ಷನ್ ಮೋಟಾರಿಗೆ ಭಾರ ಬಿದ್ದಷ್ಟೂ ವೇಗ ಇಳಿಯುತ್ತದೆ. ವೇಗ ಇಳಿದರೆ ಶ್ರುತಿಯೂ ಇಳಿಯುತ್ತದೆ, ಅಲ್ವಾ?

ಮನೆಯಲ್ಲೇ ಮಾಡುವವರು ಮೊದಲು ಪ್ಲಗ್ ಕಿತ್ತಿಡಿ, ಒಳಗೆ 230 ವೋಲ್ಟ್ ಓಡುತ್ತದೆ. ಬಿಚ್ಚುವ ಮುಂಚೆ ಮೋಟಾರಿನ ಮೇಲ್ಭಾಗ, ಕೆಳಭಾಗ ಎರಡಕ್ಕೂ ಸೇರುವಂತೆ ಒಂದು ಗೆರೆ ಎಳೆಯಿರಿ, ಮತ್ತೆ ಜೋಡಿಸುವಾಗ ಹೊಂದಿಸಲು. ಶಾಫ್ಟನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿದ ಬಟ್ಟೆಯಿಂದ ಉಜ್ಜಿ. ಥಿನ್ನರ್ ಬೇಡ, ಕಾಯಿಲ್ ತಂತಿಯ ವಾರ್ನಿಶ್ ಹೋಗುತ್ತದೆ. ಬುಷ್ ತೊಳೆದು ಒಣಗಿಸಿ, ಎಣ್ಣೆ ತುಂಬಿದ ಸಣ್ಣ ಲೋಟದಲ್ಲಿ ಮುಳುಗಿಸಿ. ಆ ಲೋಟವನ್ನು ಬಿಸಿ ನೀರಿನ ಪಾತ್ರೆಯಲ್ಲಿಡಿ. ಸ್ವಲ್ಪ ಹೊತ್ತಿಗೆ ಬುಷ್‌ನಿಂದ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಸಾಲಾಗಿ ಏಳುತ್ತವೆ. ಗಾಳಿ ಹೊರಗೆ ಬಂದು ಆ ಜಾಗಕ್ಕೆ ಎಣ್ಣೆ ಇಳಿಯುತ್ತಿದೆ ಅಂತ ಅರ್ಥ. ನನಗೆ ಇವತ್ತಿಗೂ ಅದನ್ನು ನೋಡುತ್ತಾ ಕೂರುವುದು ಇಷ್ಟ. ಗುಳ್ಳೆ ನಿಂತ ಮೇಲೂ ಎಣ್ಣೆಯಲ್ಲೇ ಆರಲು ಬಿಡಿ.

ಎಣ್ಣೆ ಯಾವುದು? ಡಿಟರ್ಜೆಂಟ್ ಇಲ್ಲದ ಮಿನರಲ್ ಎಣ್ಣೆ, ದಪ್ಪ ಎಸ್‌ಎಇ 20 ಆಸುಪಾಸು (ಎಸ್‌ಎಇ ಅಂದರೆ ಎಣ್ಣೆ ಎಷ್ಟು ದಪ್ಪ ಅನ್ನುವ ಅಳತೆ). ಕೊಬ್ಬರಿ ಎಣ್ಣೆ ಖಂಡಿತ ಬೇಡ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವುದು ಬುಷ್‌ನಲ್ಲೂ ಹೆಪ್ಪುಗಟ್ಟುತ್ತದೆ. ಜಾಸ್ತಿ ಹಾಕಿದರೂ ಕಷ್ಟ. ಮೋಟಾರಿನ ತಿರುಗನ್ನು ತಟ್ಟೆಗೆ ದಾಟಿಸುವ ಐಡ್ಲರ್ ಚಕ್ರದ ರಬ್ಬರಿಗೆ ಒಂದು ತೊಟ್ಟು ಸಿಡಿದರೆ ಸಾಕು, ತಟ್ಟೆ ಜಾರುತ್ತದೆ.

ಡೈರೆಕ್ಟ್ ಡ್ರೈವ್, ಅಂದರೆ ಮೋಟಾರೇ ನೇರವಾಗಿ ತಟ್ಟೆ ತಿರುಗಿಸುವ ಪ್ಲೇಯರ್, ಇದ್ದವರು ಇಷ್ಟೆಲ್ಲ ಬಿಚ್ಚಬೇಕಿಲ್ಲ. ಅಂಥದ್ದೇ ಆದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಪ್ಲೇಯರಿನ ಕೈಪಿಡಿ 2000 ಗಂಟೆಗೊಮ್ಮೆ ಎರಡು ಮೂರು ತೊಟ್ಟು ಎಣ್ಣೆ ಅನ್ನುತ್ತದೆ. ದಿನಕ್ಕೆ ಎರಡು ಗಂಟೆ ಕೇಳಿದರೆ ಎರಡೂವರೆ ವರ್ಷ ದಾಟುತ್ತದೆ.

ಜೋಡಿಸಿದ ಮೇಲೆ ಓಡುವ ಮೋಟಾರಿನ ಮೈಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ, ಬುಷ್‌ಗಳು ತಮ್ಮ ಜಾಗಕ್ಕೆ ಕೂರುತ್ತವೆ. ಆಮೇಲೆ ತಟ್ಟೆಯ ಮೇಲೆ ಸ್ಟ್ರೋಬ್ ಕಾರ್ಡ್ (ವೇಗ ನೋಡುವ ಗೆರೆಗಳ ಕಾರ್ಡ್; ನಮ್ಮ 50 ಹರ್ಟ್ಸ್ ಕರೆಂಟಿಗೆ 180 ಗೆರೆಯದ್ದು) ಇಟ್ಟು ನಿಯಾನ್ ಬೆಳಕಲ್ಲಿ ನೋಡಿ. ನಿಮಿಷಕ್ಕೆ 33⅓ ಸುತ್ತಿನ ವೇಗ ಸರಿಯಿದ್ದರೆ ಗೆರೆಗಳು ನಿಂತೇ ಇರುತ್ತವೆ. ಎಷ್ಟೋ ಎಲ್‌ಇಡಿ ಬಲ್ಬುಗಳಲ್ಲಿ ಇದು ಕಾಣುವುದಿಲ್ಲ.

ಹಿರಿಯರ ಪ್ಲೇಯರನ್ನು ದುಡ್ಡು ತೆಗೆದುಕೊಳ್ಳದೆ ಹೀಗೇ ಮತ್ತೆ ಮಾಡಿಕೊಟ್ಟೆ. ಅಂಗಡಿಯಲ್ಲೇ ಕಾಳಿಂಗರಾಯರ ರೆಕಾರ್ಡ್ ಹಾಕಿಸಿದರು. ಪೂರ್ತಿ ಹಾಡು ಕೇಳಿ, "ಹ್ಞಾಂ, ಇವರೇ" ಅಂದರು.