ಲೈನ್ ಸರಿಯಿದೆ, ಹೆಡರ್ ನೋಡಿ

ಶಿವಮೊಗ್ಗದಲ್ಲಿ ಕುಳಿತು ಸಹಕಾರಿ ಸಂಘಗಳಿಗೆ ತಂತ್ರಾಂಶ ಬರೆಯುವವರಿಗೆ ಮಳೆಗಾಲದಲ್ಲಿ ಎಲ್ಲದಕ್ಕೂ ಒಂದು ಸಿದ್ಧ ಉತ್ತರ ಸಿಗುತ್ತದೆ: "ಸಾರ್, ತೀರ್ಥಹಳ್ಳಿ ಕಡೆ ಜೋರು ಮಳೆ, ಲೈನ್ ಹೋಗಿರಬೇಕು." ಎಟಿಎಂ ವಹಿವಾಟಿನ ಸಂದೇಶಗಳನ್ನು ಅತ್ತಿತ್ತ ಸಾಗಿಸುವ ಹಳೆಯ ಎಟಿಎಂ ಸ್ವಿಚ್‌ಗೆ ನಮ್ಮ ಹೊಸ ಪ್ರೋಗ್ರಾಂ ಜೋಡಿಸಿದಾಗಲೂ ಇದೇ ಮಾತು ಬಂತು. ಆದರೆ ಸಂಪರ್ಕ ಸಿಗುತ್ತಿತ್ತು, ಸಂದೇಶ ಹೋಗುತ್ತಿತ್ತು. ಆ ಕಡೆಯಿಂದ ಉತ್ತರವೂ ಇಲ್ಲ, ದೂರೂ ಇಲ್ಲ. ಇಂಥ ಮೌನ ಕಂಡರೆ ನನ್ನ ಅನುಮಾನ ಮೊದಲು ಹೋಗುವುದು ಸಂದೇಶದ ಮುಂದಿರುವ ತಲೆಭಾಗ, ಅಂದರೆ ಹೆಡರ್‌ನ ಮೇಲೆ.

ಇಂಥ ಸ್ವಿಚ್‌ಗಳು ಮಾತಾಡುವುದು ಕಾರ್ಡ್ ವಹಿವಾಟಿನ ಸಂದೇಶಗಳಿಗಿರುವ ಐಎಸ್ಒ 8583 ಎಂಬ ಅಂತರರಾಷ್ಟ್ರೀಯ ಪದ್ಧತಿಯಲ್ಲಿ. ಸಂದೇಶದ ಮುಂದೆ ಸಾಮಾನ್ಯವಾಗಿ ಅದರ ಉದ್ದ ತಿಳಿಸುವ ಎರಡು ಬೈಟ್‌ಗಳಿರುತ್ತವೆ. ಉದ್ದ 280 ಇದ್ದರೆ 16ರ ಆಧಾರದ ಎಣಿಕೆಯಾದ ಹೆಕ್ಸ್‌ನಲ್ಲಿ 01 18. ಇಂಟೆಲ್ ಯಂತ್ರ ತನ್ನ ರೂಢಿಯಂತೆ ಕಿರಿಯ ಬೈಟನ್ನು ಮುಂದಿಟ್ಟು 18 01 ಎಂದು ಕಳಿಸಿದರೆ ಹಿರಿಯ ಬೈಟ್ ಮೊದಲೆಂದು ನಂಬಿದ ಸ್ವಿಚ್ ಅದನ್ನು 6145 ಎಂದು ಓದುತ್ತದೆ. ಬಾರದ 5865 ಬೈಟ್‌ಗಳಿಗಾಗಿ ಕಾಯುತ್ತಾ ಕೂರುತ್ತದೆ. ಅದರ ಲೆಕ್ಕದಲ್ಲಿ ಇನ್ನೂ ತಪ್ಪೇ ನಡೆದಿಲ್ಲ, ಹಾಗಾಗಿ ದೂರು ಕಳಿಸುವ ಮಾತೇ ಇಲ್ಲ. ನಮ್ಮಲ್ಲಿ ಆಗಿದ್ದೂ ಇದೇ. ಸಂಖ್ಯೆಯನ್ನು ಬೈಟ್‌ಗಳಾಗಿ ಬದಲಿಸುವ ಪೈಥಾನ್‌ನ ಸ್ಟ್ರಕ್ಟ್‌ಗೆ '>' ಚಿಹ್ನೆ ಕೊಟ್ಟು ಹಿರಿಯ ಬೈಟನ್ನು ಮುಂದಿಟ್ಟ ಮೇಲೆ ಸ್ವಿಚ್ ಬಾಯಿ ಬಿಟ್ಟಿತು.

ಬಾಯಿ ಬಿಟ್ಟು ಬೈಯಿತು, ಅಷ್ಟೇ. ಅಂಕಿಗಳನ್ನು ಬೈಟ್‌ಗಳಲ್ಲಿ ಬರೆಯುವ ರೀತಿಯೂ ಹೊಂದಬೇಕಲ್ಲ. ಪರೀಕ್ಷೆಗೆ ಕಳಿಸುವ 0800 ಎಂಬ ಸಂದೇಶ ಸಂಖ್ಯೆಯನ್ನೇ ನೋಡಿ: ಆಸ್ಕಿಯಲ್ಲಿ ಅದು 30 38 30 30, ಐಬಿಎಂ ಮೇನ್‌ಫ್ರೇಮ್‌ಗಳ ಎಬ್ಸಿಡಿಕ್‌ನಲ್ಲಿ ಎಫ್0 ಎಫ್8 ಎಫ್0 ಎಫ್0, ಬಿಸಿಡಿಯಲ್ಲಿ ಬರೀ 08 00, ಎರಡೇ ಬೈಟ್. ಮೂರರಲ್ಲಿ ಯಾವುದು ಬೇಕೆಂದು ನಮಗೆ ಕೊಟ್ಟ ಕೈಪಿಡಿಯಲ್ಲಿ ಇರಲಿಲ್ಲ. ಉದ್ದದ ಲೆಕ್ಕದಲ್ಲಿ ಆ ಮೊದಲ ಎರಡು ಬೈಟ್‌ಗಳೂ ಸೇರುತ್ತವೆಯೇ, ಅಂದರೆ 280 ಬರೆಯಬೇಕೇ 282 ಬರೆಯಬೇಕೇ, ಅದೂ ಇರಲಿಲ್ಲ. ಬಿಟ್‌ಮ್ಯಾಪ್ (ಸಂದೇಶದಲ್ಲಿ ಯಾವ ಯಾವ ಅಂಶಗಳಿವೆ ಎಂದು ತಿಳಿಸುವ ಗುರುತು) ಬಗ್ಗೆ ಮಾತ್ರ ಪುಟಗಟ್ಟಲೆ ವಿವರಣೆ!

ಮಳೆಯನ್ನು ಪೂರ್ತಿ ನಿರ್ದೋಷಿ ಎನ್ನುವುದೂ ಸರಿಯಲ್ಲ. ಜಾಲದಲ್ಲಿ ಡೇಟಾ ಸಾಗಿಸುವ ಟಿಸಿಪಿಗೆ ಸಂದೇಶದ ಗಡಿ ಗೊತ್ತಿಲ್ಲ, ಅದಕ್ಕೆ ಎಲ್ಲವೂ ಒಂದೇ ಬೈಟ್ ಸಾಲು. ಲೈನ್‌ನಲ್ಲಿ ಪ್ಯಾಕೆಟ್ ಕಳೆದು ಮತ್ತೆ ಬರುವಾಗ ಎರಡು ಉತ್ತರಗಳು ಒಂದೇ ಓದಿಗೆ ಕೈಸೇರಬಹುದು, ಒಂದು ಉತ್ತರ ಅರ್ಧಕ್ಕೇ ನಿಲ್ಲಬಹುದು. ಮೊದಲು ಎರಡು ಬೈಟ್ ಓದಿ, ಅದು ಹೇಳಿದಷ್ಟು ಪೂರ್ತಿ ಬರುವವರೆಗೆ ಮತ್ತೆ ಮತ್ತೆ ಓದಬೇಕು. ಕಚೇರಿಯ ಒಳಜಾಲದಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ.

ಈಗ ನಾನು ಕೈಪಿಡಿಗಿಂತ ಮೊದಲು ಕೇಳುವುದು ಈಗಾಗಲೇ ನಡೆಯುತ್ತಿರುವ ಶಾಖೆಯೊಂದರ ಪರೀಕ್ಷಾ ಸಂದೇಶದ ಹೆಕ್ಸ್ ಪ್ರತಿ. ಅದು ಬರುವವರೆಗೆ ದಿನಾಂಕದ ಮಾತು ಕೊಡುವುದಿಲ್ಲ.