1.8 ಸೆಕೆಂಡಿನ ಕಾಟ

ಕೊನೆಗೂ ಸಿಕ್ಕಿತು! ಮೂರು ವಾರ ನಿದ್ದೆ ಕೆಡಿಸಿದ್ದು ಒಂದು ತೂತು.

‘ಬಾಯ್ಸ್ ಆಫ್ ದ ಲಾಖ್’ ಎಂಬ ಐರಿಷ್-ಸ್ಕಾಟಿಷ್ ಜನಪದ ಸಂಗೀತ ತಂಡದ ಎಲ್‌ಪಿ ತಟ್ಟೆಗಳನ್ನು ಡಿಜಿಟಲ್ ಮಾಡುತ್ತಿದ್ದೇನೆ. ಯಾರು ಬಂದರು, ಯಾರು ಹೋದರು ಎಂಬ ಲೆಕ್ಕದಲ್ಲೇ ಫೋಲ್ಡರುಗಳು. 1973ರ ಮೊದಲ ಎಲ್‌ಪಿಯಲ್ಲಿ ಐರ್ಲೆಂಡಿನ ಕಾಹಲ್ ಮೆಕಾನಲ್ ಮತ್ತು ರಾಬಿನ್ ಮಾರ್ಟನ್, ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಪಿಟೀಲುಗಾರ ಅಲಿ ಬೇನ್, ಜೊತೆಗೆ ಡಿಕ್ ಗಾಖನ್ ಗಿಟಾರು. ಎರಡನೆಯದರಲ್ಲಿ ಗಾಖನ್ ಇಲ್ಲ. ಮ್ಯಾಂಡೊಲಿನ್, ಸಿಟರ್ನ್ ಎಂಬ ತಂತಿವಾದ್ಯಗಳನ್ನು ಹಿಡಿದ ಡೇವ್ ರಿಚರ್ಡ್‌ಸನ್ ಬಂದಿದ್ದಾರೆ.

ಮೊದಲ ತಟ್ಟೆಯಲ್ಲಿ ಮೆಕಾನಲ್ ಕೊಳಲಿನ ಉದ್ದ ಸ್ವರಗಳು ತೂಗಾಡುತ್ತಿದ್ದವು. ಎರಡನೆಯದರಲ್ಲಿ ಗಟ್ಟಿಯಾಗಿ ನಿಂತಿದ್ದವು. ಆಳು ಬದಲಾದಂತೆ ನುಡಿಸುವ ರೀತಿಯೂ ಬದಲಾಯಿತು ಎಂದು ಟಿಪ್ಪಣಿ ಬರೆದೇಬಿಟ್ಟೆ. ಆದರೂ ಮನಸ್ಸು ಒಪ್ಪಲಿಲ್ಲ. ತಟ್ಟೆ ತಿರುಗಿಸುವ ಬೆಲ್ಟ್ ಜಾರುತ್ತಿರಬೇಕೆಂದು ಹೊಸದಕ್ಕೆ ಬರೆದರೆ ಅಂಗಡಿಯವರು ಎರಡು ಸಲ ತಪ್ಪು ಅಳತೆಯದನ್ನು ಕಳಿಸಿದರು. ಹಣ ಕೊಟ್ಟವರ ಸಮಯಕ್ಕೆ ಬೆಲೆಯೇ ಇಲ್ಲವೇ? ಮೂರನೆಯದು ಕೂತಿತು, ತೂಗಾಟ ಹೋಗಲಿಲ್ಲ.

ಆಮೇಲೆ ಗಡಿಯಾರ ಹಿಡಿದು ಕೂತೆ. ಪ್ರತಿ ತೂಗಿಗೂ 1.8 ಸೆಕೆಂಡು. 33⅓ ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ, ತಟ್ಟೆಯ ಒಂದು ಸುತ್ತಿಗೂ ಅಷ್ಟೇ! ಲೇಬಲಿನತ್ತ ಹೋದಂತೆ ತೂಗಾಟ ಹೆಚ್ಚುತ್ತಿತ್ತು. ತಟ್ಟೆಯ ತೂತು ನಟ್ಟನಡುವಿನಿಂದ 1 ಮಿ.ಮೀ. ಸರಿದಿದ್ದರೆ, 100 ಮಿ.ಮೀ. ತ್ರಿಜ್ಯದಲ್ಲಿ ಶ್ರುತಿ ಆಚೀಚೆ ಶೇ. 1ರಷ್ಟು ಆಡುತ್ತದೆ, 60ರಲ್ಲಿ ಶೇ. 1.7ರ ಹತ್ತಿರ. ತಂತಿ ಮೀಟಿದ ಸ್ವರ ಬೇಗ ಆರಿಹೋಗುವುದರಿಂದ ಗಾಖನ್ ಗಿಟಾರಿನಲ್ಲಿ ಅದು ಕಿವಿಗೆ ಬಿದ್ದಿರಲಿಲ್ಲ. ಕೊಳಲು ಮಾತ್ರ ಬಚ್ಚಿಡಲಿಲ್ಲ.

ಇದೇ ಕಿವಿಯಿಂದ ಮುಂದೆ 1980ರ ‘ರೀಗ್ರೂಪ್ಡ್’ ಕೇಳಬೇಕು. ಅಷ್ಟರಲ್ಲಿ ಮಾರ್ಟನ್ ತಂಡ ಬಿಟ್ಟಿದ್ದರು; ಅವರ ಬೌರಾನ್ (ಐರಿಷ್ ಕೈಚರ್ಮವಾದ್ಯ) ಇಲ್ಲದ ಜಾಗಕ್ಕೆ ಡೇವ್ ಸಹೋದರ ಟಿಚ್ ಅವರ ಗಿಟಾರು ಹೇಗೆ ಲಯ ಕಟ್ಟುತ್ತದೆ ಎಂದು ನೋಡುವ ಆಸೆ ತಡೆಯಲಾಗುತ್ತಿಲ್ಲ. ಅದಕ್ಕೆ ಬೇರೆ ಸೂಜಿ ತರಿಸಿದ್ದೇನೆ.

ದುಂಡು ಅರದಿಂದ ಮೊದಲ ತಟ್ಟೆಯ ತೂತನ್ನು ಕೂದಲೆಳೆಯಷ್ಟೇ ಅಗಲಿಸಿದೆ. ತಟ್ಟೆ ತಿರುಗಿಸಿ, ಸೂಜಿ ಹಿಡಿದ ಕೈ, ಅಂದರೆ ಟೋನ್‌ಆರ್ಮ್, ಎಡಬಲಕ್ಕೆ ಓಲಾಡುವುದನ್ನು ನೋಡುತ್ತ, ನಿಲ್ಲಿಸಿ, ಬೆರಳಿನಿಂದ ಒಂಚೂರು ತಳ್ಳಿ, ಮತ್ತೆ ತಿರುಗಿಸಿ. ಹನ್ನೊಂದನೆಯ ಸಲಕ್ಕೆ ಆರ್ಮ್ ನೆಟ್ಟಗೆ ನಿಂತಿತು. ಕೊಳಲಿನ ಸ್ವರವೂ ತೂಗಾಡದೆ ನಿಂತಿತು. ಕಣ್ಣು ತುಂಬಿ ಬಂತು.

ಟಿಪ್ಪಣಿಯ ಆ ಸಾಲು ಹೊಡೆದುಹಾಕಿದೆ. ಮೊದಲ ಮುಖ ರೆಕಾರ್ಡ್ ಆಯಿತು, ಈಗ ಎರಡನೆಯದಕ್ಕೆ ಸೂಜಿ ಇಳಿಸಿದ್ದೇನೆ.